ನಲವತ್ತೆರಡನೆಯ ಡೈಮಂಡ್

ಬಣ್ಣಕ್ಕೆ ಬೆರೆಸುವ ಥಿನ್ನರ್ ತಯಾರಿಸುವ ಆ ಕಾರ್ಖಾನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಆಕೆ ನಕ್ಷೆಯಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಇಲ್ಲವೆಂದಲ್ಲ. ಒಮ್ಮೆ ಆಫೀಸಿಗೆ ಹೊಸದಾಗಿ ಸೇರಿದ ಗುಮಾಸ್ತ ಆ ಹೆಸರನ್ನು ಮೂರು ಸಲ ಕೂಗಿದರೂ ಆಕೆ ತಲೆ ಎತ್ತದೆ ಗೆರೆ ಎಳೆಯುತ್ತ ಕೂತಿದ್ದಳಂತೆ, ಕೊನೆಗೆ ಪಕ್ಕದವರು "ಅಕ್ಕಾ, ನಿಮ್ಮನ್ನೇ ಕರೀತಿರೋದು" ಎಂದಾಗ "ಅಯ್ಯೋ, ನನ್ನನ್ನಾ?" ಎಂದು ಕನ್ನಡಕ ಸರಿಮಾಡಿಕೊಂಡಳಂತೆ. ಮೂವತ್ತಮೂರು ವರ್ಷ ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡಿದವರಿಗೆ ಇದೂ ಆಗುತ್ತದೆ ಬಿಡಿ.

ಕೆಲಸವೆಂದರೆ ಕಾರ್ಖಾನೆಯ ನಕ್ಷೆ ಬರೆಯುವುದು. ಗೋಡೆ, ಬಾಗಿಲು, ಕಿಟಕಿಗಳ ನಕ್ಷೆಯಲ್ಲ. ಯಾವ ಪೈಪು ಎಲ್ಲಿಂದ ಹೊರಟು ಯಾವ ಟ್ಯಾಂಕಿಗೆ ಸೇರುತ್ತದೆ, ದಾರಿಯಲ್ಲಿ ಎಷ್ಟು ವಾಲ್ವುಗಳಿವೆ, ಪಂಪು ಯಾವ ಕಡೆಗಿದೆ, ಇವನ್ನೆಲ್ಲ ನೋಡಿಕೊಳ್ಳುವ ಉಪಕರಣಗಳು ಯಾವುವು, ಎಲ್ಲವೂ ಮೇಜಿನಗಲದ ಹಾಳೆಯ ಮೇಲೆ ಬರಬೇಕು. ಅಂಥ ಇನ್ನೂರ ಹನ್ನೆರಡು ಹಾಳೆಗಳು ಆಕೆಯ ಸುಪರ್ದಿನಲ್ಲಿದ್ದವು. ಯಾರೇ ಆಗಲಿ ಸ್ಪ್ಯಾನರ್ ಹಿಡಿಯುವ ಮುಂಚೆ ಆಕೆಯ ಹಾಳೆ ಬಿಚ್ಚಿ ನೋಡಬೇಕು, ಅದು ಅಲ್ಲಿನ ಪದ್ಧತಿ.

ಹಾಳೆಯ ಮೇಲೆ ನೂರಾರು ಪುಟ್ಟ ಗುರುತುಗಳು. ಅವುಗಳಲ್ಲಿ ಎರಡನ್ನು ಮಾತ್ರ ಯಾರೂ ಕಲಸುಮೇಲೋಗರ ಮಾಡುವಂತಿಲ್ಲ. ಒಂದು, ಚೌಕದೊಳಗೆ ವೃತ್ತ. ಇನ್ನೊಂದು, ಚೌಕದೊಳಗೆ ಡೈಮಂಡ್, ಇಸ್ಪೀಟಿನ ಎಲೆಯ ಮೇಲಿರುತ್ತದಲ್ಲ, ಅಂಥದ್ದು. ಕೆಲಸಕ್ಕೆ ಹೊಸದಾಗಿ ಬಂದ ಪ್ರತಿಯೊಬ್ಬ ಆಪರೇಟರನೂ ಆಕೆಯ ಮುಂದೆ ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಇದರ ಪಾಠ ಕೇಳಲೇಬೇಕಿತ್ತು.

"ನೋಡಪ್ಪಾ, ಈ ವೃತ್ತ ಇದ್ಯಲ್ಲ, ಇವನು ಗುಂಡ. ಸಂಸಾರಸ್ಥ. ಬೆಳಗಿಂದ ಸಂಜೆವರೆಗೂ ಅಲ್ಲಿ ಸ್ವಲ್ಪ ಜಾಸ್ತಿ ಮಾಡು, ಇಲ್ಲಿ ಸ್ವಲ್ಪ ಕಮ್ಮಿ ಮಾಡು ಅಂತ ಒದ್ದಾಡ್ತಾನೇ ಇರ್ತಾನೆ. ನೀನು ಹೇಳ್ದಂಗೆ ಕೇಳ್ತಾನೆ. ಈ ಡೈಮಂಡ್ ಇದಾನಲ್ಲ, ಇವನು ವರ್ಷಪೂರ್ತಿ ತುಟಿ ಪಿಟಕ್ ಅನ್ನಲ್ಲ. ಗುಂಡನ ಕೈ ಮೀರಿ ಹೋದಾಗ ಮಾತ್ರ ಎದ್ದು ಬಂದು ಎಲ್ಲಾ ನಿಲ್ಲಿಸಿಬಿಡ್ತಾನೆ. ಆಗ ಯಾರ ದಾಕ್ಷಿಣ್ಯಾನೂ ಇಲ್ಲ ಅವನಿಗೆ. ಅವನ ಕಣ್ಣೇ ಬೇರೆ, ಕೈಯೇ ಬೇರೆ, ತಂತೀನೇ ಬೇರೆ. ಯಾಕೆ ಹೇಳು? ಗುಂಡನ ಕಣ್ಣು ಹೋದ ದಿನ ಇವನ ಕಣ್ಣು ನೆಟ್ಟಗಿರಬೇಕು, ಅದಕ್ಕೆ."

ಒಬ್ಬ ಆಪರೇಟರ್ ತಲೆ ಕೆರೆದುಕೊಳ್ಳುತ್ತ ಹೇಳಿದ್ದ, "ಅಕ್ಕಾ, ನಮ್ಮನೇಲಿ ಡೈಮಂಡ್ ಅಂದ್ರೆ ನಮ್ಮತ್ತೆ." ನಕ್ಷೆಯಕ್ಕ ಪೆನ್ಸಿಲ್ ಕೆಳಗಿಟ್ಟು, "ಹಾಗಿದ್ರೆ ನಿಮ್ಮನೆಗೆ ಏನೂ ಭಯ ಇಲ್ಲ ಬಿಡು" ಎಂದಿದ್ದಳು. ಆ ಮಾತು ಕ್ಯಾಂಟೀನಿನಲ್ಲಿ ಒಂದು ತಿಂಗಳು ಓಡಾಡಿತು.

ಮನೆಯಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ. ಗಂಡ ಟೈಲರ್, ಮನೆಯ ಕೆಳಗೇ ಅಂಗಡಿ, ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಮನೆಯ ಹೊರಗೆ ತನ್ನವನೆಂದರೆ ಆಕೆಯ ತಮ್ಮ. ಹನ್ನೊಂದು ವರ್ಷಕ್ಕೆ ಚಿಕ್ಕವನು, ಅಮ್ಮ ಬೇಗ ಹೋದದ್ದರಿಂದ ಅಕ್ಕನ ಸೊಂಟದ ಮೇಲೆಯೇ ಬೆಳೆದವನು. ಈಗ ಅವನಿಗೂ ನಲವತ್ತಾರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ, ಎರಡು ಮಕ್ಕಳ ತಂದೆ. ಆದರೂ ಅಕ್ಕನಿಗೆ ಪುಟ್ಟನೇ. ಅವನು ಅದೇ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಡಬ್ಬಿ ಹಿಡಿದುಕೊಂಡು ಅಕ್ಕನ ಕೋಣೆಗೆ ಬಂದು, ನಕ್ಷೆಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ತುದಿಯಲ್ಲಿ ಉಣ್ಣುವುದು ಅವನ ಎಷ್ಟೋ ವರ್ಷಗಳ ಅಭ್ಯಾಸ.

ಆಕೆಗೆ ಒಂದು ಹೆಮ್ಮೆಯಿತ್ತು, ಅದನ್ನು ಮುಚ್ಚಿಡುವುದೇಕೆ? ನಕ್ಷೆಯಕ್ಕನ ಹಾಳೆಯಲ್ಲಿ ತಪ್ಪು ಸಿಗುವುದಿಲ್ಲ ಎಂಬ ಹೆಮ್ಮೆ. ಪ್ರತಿ ಹಾಳೆಯ ಮೂಲೆಯಲ್ಲಿ "ಪರಿಶೀಲಿಸಿದವರು" ಎಂದು ಒಂದು ಖಾನೆ ಇರುತ್ತದೆ. ಇಂಜಿನಿಯರುಗಳು ಬರುವರು, ಜೇಬಿನಿಂದ ಪೆನ್ನು ತೆಗೆಯುವರು, "ಅಕ್ಕ ಬರೆದ ಮೇಲೆ ನೋಡೋದೇನಿದೆ" ಎಂದು ಸಹಿ ಜಡಿದು ಹೋಗುವರು. ಬಹಳವೆಂದರೆ ನಂಬರುಗಳ ಮೇಲೆ ಒಮ್ಮೆ ಕಣ್ಣು ಓಡಿಸುವರು. ಆ ಮಾತು ಕೇಳಿದಾಗೆಲ್ಲ ಆಕೆಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಕಾರ್ಖಾನೆಯನ್ನು ವರ್ಷಕ್ಕೊಮ್ಮೆ ಹತ್ತು ದಿನ ಪೂರ್ತಿ ನಿಲ್ಲಿಸಿ ತೊಳೆದು ಒರೆಸಿ ರಿಪೇರಿ ಮಾಡುತ್ತಾರೆ. ಡೈಮಂಡುಗಳ ಪರೀಕ್ಷೆಯೂ ಆಗಲೇ. ನಕ್ಷೆಗಳಲ್ಲಿ ಎಷ್ಟು ಡೈಮಂಡುಗಳಿವೆಯೋ ಅಷ್ಟನ್ನೂ ಕಂಪ್ಯೂಟರ್ ತಾನೇ ಎಣಿಸಿ ಪಟ್ಟಿ ಕೊಡುತ್ತದೆ. ಫಿಟ್ಟರ್ ಆ ಪಟ್ಟಿ ಹಿಡಿದುಕೊಂಡು ಒಂದೊಂದರ ಹತ್ತಿರವೂ ಹೋಗಿ ಅದಕ್ಕೆ ಸುಳ್ಳು ಸುದ್ದಿ ಮುಟ್ಟಿಸುತ್ತಾನೆ. ಟ್ಯಾಂಕ್ ತುಂಬಿ ಹರಿಯುತ್ತಿದೆ, ಬಿಸಿ ಮಿತಿ ಮೀರಿದೆ, ಹೀಗೆ. ಅದು ನಂಬಿ ವಾಲ್ವನ್ನು ಧಡ್ ಎಂದು ಮುಚ್ಚಿದರೆ ಪಟ್ಟಿಯಲ್ಲಿ ಒಂದು ಟಿಕ್ಕು. ಪಟ್ಟಿಯಲ್ಲಿ ಪ್ರತಿವರ್ಷವೂ ನಲವತ್ತೊಂದು. ಈ ವರ್ಷವೂ ನಲವತ್ತೊಂದಕ್ಕೂ ಟಿಕ್ಕು ಬಿದ್ದಾಗಿತ್ತು. ಮರುದಿನ ಮಧ್ಯಾಹ್ನ ಕಾರ್ಖಾನೆ ಮತ್ತೆ ಶುರು, ಮೊದಲ ಕೆಲಸವೇ ಥಿನ್ನರ್ ಟ್ಯಾಂಕ್ ತುಂಬಿಸುವುದು.

ನಕ್ಷೆಯಕ್ಕನ ನಿವೃತ್ತಿಗೆ ಆಗ ಉಳಿದದ್ದು ಇಪ್ಪತ್ತು ದಿನ. ಬೀರುವಿನಲ್ಲಿದ್ದ ಹಳೆಯ ಟ್ರೇಸಿಂಗ್ ಶೀಟುಗಳನ್ನು, ಅಂದರೆ ಕಂಪ್ಯೂಟರ್ ಬರುವ ಮುಂಚೆ ಇಂಕಿನಲ್ಲಿ ಬರೆದವನ್ನು, ಗುಜರಿಗೆ ಹಾಕಬೇಕಿತ್ತು. ಹಾಕುವ ಮುಂಚೆ ಒಂದೊಂದನ್ನೂ ಬಿಚ್ಚಿ, ತನ್ನದೇ ಹಳೆಯ ಅಕ್ಷರ ನೋಡಿ, "ಆಹಾ, ಏನು ಕೈ ಕಣೇ ನಿಂದು ಆವಾಗ" ಎಂದು ತನಗೆ ತಾನೇ ಹೇಳಿಕೊಂಡು ಸುತ್ತಿಡುತ್ತಿದ್ದಳು. ಹಾಗೆ ಥಿನ್ನರ್ ಟ್ಯಾಂಕಿನ ಶೀಟು ಕೈಗೆ ಬಂತು. ಟ್ಯಾಂಕಿನ ನೆತ್ತಿಯ ಮೇಲೆ, ತುಂಬಿಸುವ ಪೈಪಿನ ಪಕ್ಕದಲ್ಲಿ, ಚೌಕದೊಳಗೆ ಡೈಮಂಡ್ ಇತ್ತು.

ಸುತ್ತಿಡಲು ಹೋದ ಕೈ ಹಾಗೇ ನಿಂತಿತು. ಆಕೆಗೆ ಇನ್ನೂರ ಹನ್ನೆರಡು ಹಾಳೆಗಳೂ ಬಾಯಿಪಾಠ. ಈ ಜಾಗದಲ್ಲಿ ಡೈಮಂಡ್ ನೋಡಿದ ನೆನಪಿಲ್ಲ. ಕಂಪ್ಯೂಟರಿನಲ್ಲಿ ಅದೇ ಹಾಳೆ ತೆರೆದಳು. ಅಲ್ಲಿ ಅದೇ ಜಾಗದಲ್ಲಿ, ಅದೇ ನಂಬರಿನೊಂದಿಗೆ, ಚೌಕದೊಳಗೆ ವೃತ್ತ.

ಹೇಗಾಯಿತೆಂದು ಹುಡುಕುವುದಕ್ಕೆ ಆಕೆಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಹಾಳೆಗಳನ್ನೆಲ್ಲ ಆರು ತಿಂಗಳಲ್ಲಿ ಕಂಪ್ಯೂಟರಿಗೆ ಏರಿಸಬೇಕೆಂದು ಆಜ್ಞೆಯಾಗಿತ್ತು. ಥಿನ್ನರ್ ಟ್ಯಾಂಕಿನ ಪಕ್ಕದಲ್ಲೇ ನೀರಿನ ಟ್ಯಾಂಕ್, ಎರಡೂ ಅವಳಿ ಜವಳಿ. ಎರಡೆರಡು ಸಲ ಯಾಕೆ ಬರೆಯಬೇಕೆಂದು ಆಕೆ ನೀರಿನ ಟ್ಯಾಂಕ್ ಬರೆದು, ಅದನ್ನೇ ನಕಲು ಮಾಡಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿ ಥಿನ್ನರ್ ಟ್ಯಾಂಕ್ ಮಾಡಿಕೊಂಡಿದ್ದಳು. ಆಮೇಲೆ ಕೂತು ಒಂದೊಂದು ನಂಬರನ್ನೂ ಬದಲಾಯಿಸಿದ್ದಳು. ನೀರು ತುಂಬಿ ಚೆಲ್ಲಿದರೆ ನೆಲ ಒದ್ದೆಯಾದೀತು ಅಷ್ಟೆ, ಅಲ್ಲಿ ಗುಂಡನೇ ಸಾಕು. ಥಿನ್ನರ್ ಚೆಲ್ಲಿದರೆ ಅದರ ಆವಿ ನೆಲ ಹಿಡಿದು ಹರಡುತ್ತದೆ, ಎಲ್ಲೋ ಒಂದು ಕಿಡಿ ಸಿಕ್ಕರೆ ಮುಗಿಯಿತು. ನಂಬರುಗಳೆಲ್ಲ ಬದಲಾಗಿದ್ದವು, ಆಕಾರ ಬದಲಾಗಿರಲಿಲ್ಲ. ನೋಡುವವರು ನೋಡುತ್ತಿದ್ದದ್ದು ನಂಬರನ್ನು.

ಹಾಗಾಗಿ ಒಂಬತ್ತು ವರ್ಷದಿಂದ ಆ ಡೈಮಂಡ್ ಪಟ್ಟಿಯಲ್ಲೇ ಇರಲಿಲ್ಲ. ಟ್ಯಾಂಕಿನ ಮೇಲೆ ಇತ್ತು, ತಂತಿಯೂ ಇತ್ತು, ವಾಲ್ವೂ ಇತ್ತು. ಅದು ಇನ್ನೂ ಜೀವಂತವಾಗಿದೆಯೇ ಎಂದು ಕೇಳುವವರು ಇರಲಿಲ್ಲ. ಅದನ್ನು ಜೋಡಿಸಿದ ಹಳೆಯ ಫಿಟ್ಟರ್ ನಿವೃತ್ತನಾಗಿ ಹೋಗಿದ್ದ. ಈಗಿನವನಿಗೆ ಪಟ್ಟಿಯೇ ಪ್ರಪಂಚ.

ತಿದ್ದುವುದಕ್ಕೆ ಎಷ್ಟು ಹೊತ್ತು? ಒಂದು ನಿಮಿಷ. ವೃತ್ತ ಅಳಿಸಿ ಡೈಮಂಡ್ ಇಟ್ಟಳು. ಏನೇ ಬದಲಾಯಿಸಿದರೂ ಅದರ ಸುತ್ತ ಮೋಡದಂಥ ಗೆರೆ ಎಳೆದು, ಮೂಲೆಯಲ್ಲಿ ಕಾರಣ ಬರೆಯಬೇಕು. "ಗುರುತು ಸರಿಪಡಿಸಲಾಗಿದೆ" ಎಂದು ಬರೆದಳು. ಯಾರು ತಪ್ಪಿದರು, ಯಾವಾಗ ತಪ್ಪಿದರು, ಒಂದೂ ಇಲ್ಲ. ಮುಂದಿನ ವರ್ಷ ಕಂಪ್ಯೂಟರ್ ತಾನೇ ನಲವತ್ತೆರಡು ಎಣಿಸುತ್ತದೆ, ಫಿಟ್ಟರ್ ಹೋಗಿ ಪರೀಕ್ಷೆ ಮಾಡುತ್ತಾನೆ, ಅಷ್ಟು ಹೊತ್ತಿಗೆ ನಾನು ಮನೆಯಲ್ಲಿ ಗಂಡನ ಅಂಗಡಿಯ ಬಟ್ಟೆಗೆ ಗುಂಡಿ ಹಚ್ಚುತ್ತಿರುತ್ತೇನೆ. ಅಕ್ಕನ ಹಾಳೆಯಲ್ಲಿ ತಪ್ಪಿಲ್ಲ ಎಂಬ ಮಾತನ್ನು ಬೀಳ್ಕೊಡುಗೆಯ ದಿನ ಎಲ್ಲರೂ ಹೇಳಿಯೇ ಹೇಳುತ್ತಾರೆ. ಕಂಪ್ಯೂಟರ್ ಆರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು. ಹೌದು, ಹೋದಳು, ಆ ಸಂಜೆ ನಕ್ಷೆಯಕ್ಕ ಯಾರಿಗೂ ಒಂದು ಮಾತು ಹೇಳಲಿಲ್ಲ.

ಗಂಡ ಅಂಗಡಿಯಲ್ಲಿ ಪ್ಯಾಂಟಿನ ಹೊಲಿಗೆ ಬಿಚ್ಚುತ್ತ ಕೂತಿದ್ದ. ಆಕೆ ಎದುರಿನ ಬೆಂಚಿನ ಮೇಲೆ ಕೂತಳು. ಮನೆಗೆ ಹೋಗಿ ಕೈಕಾಲು ತೊಳೆಯದೆ ಅಲ್ಲೇ ಕೂತಿದ್ದು ನೋಡಿ ಅವನು ಒಮ್ಮೆ ತಲೆ ಎತ್ತಿದ.

"ರೀ," ಎಂದಳು. "ಯಾರಿಗೋ ಒಂದು ಕೋಟು ಹೊಲಿದುಕೊಟ್ಟಿರ್ತೀರಿ. ಒಳಗಡೆ ಹೊಲಿಗೆ ತಪ್ಪಿರುತ್ತೆ. ಅದು ಒಂಬತ್ತು ವರ್ಷ ಆದ್ಮೇಲೆ ನಿಮಗೊಬ್ಬರಿಗೇ ಗೊತ್ತಾಗುತ್ತೆ. ಏನ್ಮಾಡ್ತೀರಿ?"

ಅವನು ಬಾಯಿಂದ ಗುಂಡುಸೂಜಿ ತೆಗೆದು ದಿಂಬಿಗೆ ಚುಚ್ಚಿದ. "ಇವಾಗ ಅದನ್ನ ಹಾಕ್ಕೊಂಡಿರೋರು ಯಾರು?"

ಕಂಟ್ರೋಲ್ ರೂಮಿನ ದೊಡ್ಡ ಕಿಟಕಿ ನೇರವಾಗಿ ಥಿನ್ನರ್ ಟ್ಯಾಂಕಿನ ಕಡೆಗೇ ತೆರೆಯುತ್ತದೆ, ಮತ್ತು ನಾಳೆ ಆ ಕಿಟಕಿಯ ಪಕ್ಕ ಕೂರುವವನು ಯಾರೆಂಬುದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಬೆಳಿಗ್ಗೆ ಎಂಟಕ್ಕೆಲ್ಲ ಹಳೆಯ ಶೀಟನ್ನೂ ಕಂಪ್ಯೂಟರಿನಲ್ಲಿ ತಿದ್ದಿದ ಹಾಳೆಯ ಪ್ರಿಂಟನ್ನೂ ಕಂಕುಳಲ್ಲಿಟ್ಟುಕೊಂಡು ಕಂಟ್ರೋಲ್ ರೂಮಿಗೆ ಹೋದಳು. ತಮ್ಮ ಚಹಾ ಕುಡಿಯುತ್ತ ಬೋರ್ಡಿನ ಮುಂದೆ ಕೂತಿದ್ದ.

"ಏನಕ್ಕಾ, ಬೆಳಿಗ್ಗೆಬೆಳಿಗ್ಗೇನೇ ಸವಾರಿ ಈ ಕಡೆ?"

"ಪುಟ್ಟಾ, ಥಿನ್ನರ್ ಟ್ಯಾಂಕ್ ಮೇಲಿನ ಡೈಮಂಡ್ ಇದ್ಯಲ್ಲ, ಅದನ್ನ ಒಂಬತ್ತು ವರ್ಷದಿಂದ ಯಾರೂ ಟೆಸ್ಟ್ ಮಾಡಿಲ್ಲ ಕಣೋ. ನೀರಿನ ಟ್ಯಾಂಕಿನ ನಕ್ಷೇನೇ ಮಗುಚಿ ನಕಲು ಮಾಡೋವಾಗ ನಾನು ಗುಂಡ ಅಂತಾನೇ ಬಿಟ್ಟುಬಿಟ್ಟಿದ್ದೆ."

ಅವನು ನಕ್ಕ. "ಸುಮ್ನಿರಕ್ಕಾ. ಟ್ಯಾಂಕ್ ಮಟ್ಟ ನನಗೆ ಇಲ್ಲಿ ದಿನಾ ಕಾಣುತ್ತಲ್ಲ. ಚೆನ್ನಾಗೇ ಇದೆ."

"ನಿನಗೆ ಕಾಣೋದು ಗುಂಡನ ಕಣ್ಣಿಂದ. ಅದು ಕೈಕೊಟ್ಟ ದಿನ ನಿಲ್ಲಿಸಬೇಕಾದವನು ಬದುಕಿದಾನೋ ಸತ್ತಿದಾನೋ ಯಾರಿಗೂ ಗೊತ್ತಿಲ್ಲ."

ಅವನ ನಗು ನಿಧಾನವಾಗಿ ಇಳಿಯಿತು. ಲೋಟವನ್ನು ಬೋರ್ಡಿನ ಅಂಚಿನ ಮೇಲಿಟ್ಟ.

"ಅಕ್ಕಾ," ಎಂದ. "ನಾನು ಟ್ಯಾಂಕ್ ತುಂಬಿಸೋಕೆ ಬಿಟ್ಟು ಊಟಕ್ಕೆ ನಿನ್ ಹತ್ರ ಬರ್ತೀನಲ್ಲ. ಪಕ್ಕದವನಿಗೆ ಒಂದು ಕಣ್ಣಿಟ್ಟಿರು ಅಂತೀನಿ, ಅವನಿಗೆ ಅವನದೇ ಬೋರ್ಡ್ ನೋಡ್ಕೊಳ್ಳೋದು ಸಾಕಾಗಿರುತ್ತೆ. ಹಾಗೂ ಎದ್ದು ಬರ್ತಿದ್ದೆ ಅಂದ್ರೆ ಆ ಡೈಮಂಡ್ ನಂಬ್ಕೊಂಡು ತಾನೇ?"

ಒಂಬತ್ತು ವರ್ಷ ಅವನು ಮೇಜಿನ ತುದಿಯಲ್ಲಿ ಕೂತು ಉಂಡ ಅರ್ಧರ್ಧ ಗಂಟೆಗಳೆಲ್ಲ ಆಕೆಯ ಕಣ್ಣ ಮುಂದೆ ಬಂದವು. ಇನ್ನೂ ಸ್ವಲ್ಪ ಹೊತ್ತು ಕೂರೋ ಎಂದು ಎಷ್ಟೋ ಸಲ ತಾನೇ ತಡೆದು ಕೂರಿಸಿಕೊಂಡದ್ದುಂಟು.

ಅಲ್ಲಿಂದ ನೇರವಾಗಿ ಮ್ಯಾನೇಜರ ಕೋಣೆ. ಮ್ಯಾನೇಜರ್ ಕೆಟ್ಟವರಲ್ಲ, ಹತ್ತು ದಿನದಿಂದ ಸರಿಯಾಗಿ ನಿದ್ದೆಯಿಲ್ಲದೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದವರು. ಶೀಟು ನೋಡಿದರು, ಕಂಪ್ಯೂಟರಿನ ಹಾಳೆ ನೋಡಿದರು, ಹಣೆ ಒತ್ತಿಕೊಂಡರು.

"ಅಕ್ಕಾ, ಮಧ್ಯಾಹ್ನ ಶುರು ಮಾಡಬೇಕು. ಇವಾಗ ಆ ಲೈನು ಬಿಚ್ಚಿದ್ರೆ ಇವತ್ತಿನ ಕಥೆ ಮುಗೀತು. ಇಷ್ಟು ವರ್ಷ ಏನೂ ಆಗಿಲ್ಲ ತಾನೇ? ಗುರುತು ಹೇಗೂ ತಿದ್ದಿದೀರಿ. ಮುಂದಿನ ಸಲ ಪಟ್ಟೀಲಿ ಬರುತ್ತೆ, ನೋಡಿದ್ರಾಯ್ತು." ಸ್ವಲ್ಪ ತಡೆದು ದನಿ ತಗ್ಗಿಸಿದರು. "ಇನ್ನು ಇಪ್ಪತ್ತು ದಿನ ಅಕ್ಕಾ ನಿಮಗೆ. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು, ಯಾಕೆ ನೀವಾಗಿ ಕೆಡಿಸಿಕೊಳ್ತೀರಿ?"

ಇದನ್ನೇ ಆಕೆ ನಿನ್ನೆ ಸಂಜೆ ತನಗೆ ತಾನೇ ಹೇಳಿಕೊಂಡಿದ್ದಳು. ಬೇರೆಯವರ ಬಾಯಿಂದ ಕೇಳಿದಾಗ ಮೈ ಉರಿಯಿತು.

"ಸರ್, ಹಾಗಾದ್ರೆ ಒಂದು ಕೆಲಸ ಮಾಡೋಣ. ಇವತ್ತು ಟ್ಯಾಂಕ್ ತುಂಬೋವರೆಗೂ ನಿಮ್ಮ ಕುರ್ಚೀನ ಕಂಟ್ರೋಲ್ ರೂಮಿನ ಕಿಟಕಿ ಪಕ್ಕ ಹಾಕಿಸ್ತೀನಿ. ನನ್ನ ಕುರ್ಚೀನೂ ಅಲ್ಲೇ ಇರಲಿ. ಇಬ್ಬರೂ ಕೂತ್ಕೊಳ್ಳೋಣ."

ಮ್ಯಾನೇಜರ್ ಆಕೆಯ ಮುಖವನ್ನೇ ಕೊಂಚ ಹೊತ್ತು ನೋಡಿದರು. ಆಮೇಲೆ ಫೋನು ಎತ್ತಿ ಫಿಟ್ಟರನನ್ನು ಕರೆದರು. ಅವರು ಮಾತಾಡುತ್ತಿದ್ದಾಗ ಆಕೆ ಅಲ್ಲೇ ನಿಂತು ಪ್ರಿಂಟಿನ ಮೂಲೆಯಲ್ಲಿದ್ದ ಕಾರಣವನ್ನು ಪೆನ್ನಿನಿಂದ ಹೊಡೆದುಹಾಕಿ, "ಒಂಬತ್ತು ವರ್ಷದ ಹಿಂದೆ ನಾನು ತಪ್ಪು ಗುರುತು ಹಾಕಿದ್ದೆ. ಅಂದಿನಿಂದ ಪರೀಕ್ಷೆ ಆಗಿಲ್ಲ" ಎಂದು ಬರೆದು ಸಹಿ ಮಾಡಿದಳು.

ಹತ್ತು ಗಂಟೆಗೆ ಟ್ಯಾಂಕಿನ ಹತ್ತಿರ ಏಳೆಂಟು ಜನ ಸೇರಿದರು. ಫಿಟ್ಟರ್ ಏಣಿ ಹತ್ತಿ ನೆತ್ತಿಯ ಮೇಲಿನ ಸ್ವಿಚ್ಚಿನ ಮುಚ್ಚಳ ತೆಗೆದ. ತಮ್ಮ ಕೆಳಗೆ ವಾಲ್ವಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಮೇಲಿನವನು ಸುಳ್ಳು ಸುದ್ದಿ ಕೊಟ್ಟು ಕೂಗಿದ.

"ಮುಚ್ತಾ?"

"ಇಲ್ಲ."

ತಂತಿಯನ್ನು ಇನ್ನೊಮ್ಮೆ ಒರೆಸಿ ಮುಟ್ಟಿಸಿದ. "ಇವಾಗ?"

"ಇಲ್ಲ."

ಫಿಟ್ಟರ್ ಇಳಿದು ಬಂದು ವಾಲ್ವಿನ ಮೈಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅದು ಅರೆ ಬೆರಳಿನಷ್ಟು ಅಲುಗಿ ಮತ್ತೆ ಹಾಗೇ ನಿಂತಿತು. ಬಿಚ್ಚಿ ನೋಡಿದರೆ, ಒಳಗೆ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸ್ವಿಚ್ಚು ಸರಿಯಾಗೇ ಹೇಳಿತ್ತು, ತಂತಿ ಸರಿಯಾಗೇ ಮುಟ್ಟಿಸಿತ್ತು. ಒಂಬತ್ತು ವರ್ಷ ಒಮ್ಮೆಯೂ ಮಿಸುಕದ ವಾಲ್ವಿಗೆ ಮಾತ್ರ ಮುಚ್ಚಿಕೊಳ್ಳುವುದಕ್ಕೆ ಆಗಲಿಲ್ಲ.

ಮೊದಲು ಬಾಯಿ ಬಿಟ್ಟವರು ಮ್ಯಾನೇಜರ್. "ಅಕ್ಕಾ, ನೀವು ಹೇಳ್ದೇ ಹೋಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ, ಎರಡೂ ಕೈ ಸೇರಿಸಿ ತಟ್ಟಿದರು. ಉಳಿದವರೂ ತಟ್ಟಿದರು. ಫಿಟ್ಟರ್ ಅಂಟಾದ ಕೈಯಲ್ಲೇ ನಮಸ್ಕಾರ ಮಾಡಿದ. "ಕಾರ್ಖಾನೆ ಉಳಿಸಿದ್ರಿ ಅಕ್ಕಾ" ಎಂದು ಯಾರೋ ಹಿಂದಿನಿಂದ ಹೇಳಿದರು. ತಾನೇ ಅಗೆದ ಗುಂಡಿಯನ್ನು ತಾನೇ ತೋರಿಸಿಕೊಟ್ಟದ್ದಕ್ಕೆ ಇಷ್ಟೊಂದು ಚಪ್ಪಾಳೆಯೇ? ಆಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಮ್ಮ ಒಬ್ಬನೇ ಚಪ್ಪಾಳೆ ತಟ್ಟಲಿಲ್ಲ. ಕುಕ್ಕರಗಾಲಲ್ಲಿ ಕೂತವನು ಹಾಗೇ ಆ ವಾಲ್ವನ್ನು ನೋಡುತ್ತಿದ್ದ. ಆಮೇಲೆ ಎದ್ದು ಬಂದು ಅಕ್ಕನ ಎದುರು ನಿಂತ.

"ಅಕ್ಕಾ, ಆ ವರ್ಷ ಇನ್ನೆಷ್ಟು ಹಾಳೆ ಹೀಗೆ ಮಗುಚಿ ಹಾಕಿದ್ದೆ?"

ಚಪ್ಪಾಳೆ ನಿಂತಿತು. ಈ ಪ್ರಶ್ನೆ ಆಕೆಯ ತಲೆಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕು. ಒಂದು ತಪ್ಪಿನ ಭಾರವೇ ಅಷ್ಟಿತ್ತು, ಅದರ ಆಚೆಗೆ ಕಣ್ಣು ಹೋಗಿರಲಿಲ್ಲ. ಲೆಕ್ಕ ಮಾತ್ರ ಆಕೆಗೆ ಗೊತ್ತಿತ್ತು.

"ಮೂವತ್ತೊಂದು," ಎಂದಳು.

ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು. ಆಮೇಲೆ ಅದನ್ನು ತೋಳಿನೊಳಗೆ ಸರಿಸಿ, "ಇವತ್ತು ಶುರು ಮಾಡೋದು ಬೇಡ" ಎಂದರು.

ಮೂವತ್ತೊಂದು ಹಾಳೆಗಳನ್ನೂ ಹಳೆಯ ಶೀಟುಗಳ ಜೊತೆ ಇಟ್ಟು ನೋಡಬೇಕೆಂದಾಯಿತು. ಹಳೆಯ ಶೀಟುಗಳು ಇನ್ನೂ ಗುಜರಿಗೆ ಹೋಗಿರಲಿಲ್ಲ, ಪುಣ್ಯ. ನಕ್ಷೆಯಕ್ಕ ಕೋಣೆಗೆ ಬಂದು ಮೇಜು ಖಾಲಿ ಮಾಡಿ, ಎರಡೆರಡು ಹಾಳೆ ಜೋಡಿಸಿ, ಕೆಂಪು ಪೆನ್ಸಿಲ್ ಚೂಪು ಮಾಡಿ ಕೂತಳು. ತಮ್ಮ ಬಾಗಿಲಲ್ಲಿ ಬಂದು ನಿಂತ, ಹಿಂದೆ ಫಿಟ್ಟರ್.

"ಏಳಕ್ಕಾ," ಎಂದ.

"ಯಾಕೋ?"

"ನೀನು ನೋಡಬೇಡ. ನೀನು ಬರೆದಿದ್ದು ನಿನ್ನ ಕಣ್ಣಿಗೆ ಸರಿಯಾಗೇ ಕಾಣುತ್ತೆ. ನಾವು ನೋಡ್ತೀವಿ."

ಆಕೆಗೆ ಕೆನ್ನೆಗೆ ಹೊಡೆದಂತಾಯಿತು. ಅವನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತೀಡಿಸಿದವಳು ತಾನು. ಈಗ ಅವನು ತನ್ನ ಮೇಜಿನಿಂದ ತನ್ನನ್ನೇ ಏಳಿಸುತ್ತಿದ್ದಾನೆ. ಪೆನ್ಸಿಲನ್ನು ಅವನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ ಒಂದು ಸಿಮೆಂಟಿನ ಬೆಂಚಿದೆ. ಅಲ್ಲಿ ಕೂತಳು. ಕೈಯಲ್ಲಿ ಏನೂ ಕೆಲಸವಿಲ್ಲದೆ, ಕಾರ್ಖಾನೆಯ ಹೊತ್ತಿನಲ್ಲಿ ಹೀಗೆ ಸುಮ್ಮನೆ ಕೂತದ್ದು ಬಹುಶಃ ಅದೇ ಮೊದಲು. ಕ್ಯಾಂಟೀನಿನವನು ಚಹಾ ತಂದುಕೊಟ್ಟ, ಅದು ಆರಿ ಕೆನೆಕಟ್ಟಿತು. ಆಕೆ ಕಣ್ಣು ಮುಚ್ಚಿ ಮೂವತ್ತೊಂದು ಹಾಳೆಗಳನ್ನೂ ಒಂದೊಂದಾಗಿ ಮನಸ್ಸಿನಲ್ಲೇ ಬಿಚ್ಚಿದಳು. ಇದು ಸರಿ. ಇದೂ ಸರಿ. ಇದರಲ್ಲಿ ಒಂಚೂರು ಅನುಮಾನ. ಬಿಸಿ ಮಾಡುವ ಕೊಪ್ಪರಿಗೆಗಳ ಹಾಳೆ ಬಂದಾಗ ಮಾತ್ರ ಮನಸ್ಸು ಹಗುರಾಯಿತು. ಅದನ್ನು ಆತುರವಿಲ್ಲದ ದಿನ ಕೂತು ಬರೆದದ್ದು, ಮುಗಿಸಿದ ಮೇಲೆ ಎರಡು ಸಲ ತಾನೇ ಓದಿದ್ದು. ಅದರಲ್ಲಿ ಏನೂ ಇರಲು ಸಾಧ್ಯವೇ ಇಲ್ಲ. ದೇವರೇ, ಇನ್ನೊಂದು ಸಿಗದೇ ಇರಲಿ ಎಂದುಕೊಂಡಳು. ಮರುಗಳಿಗೆಯಲ್ಲೇ, ಇದ್ದರೆ ಇವತ್ತೇ ಸಿಗಲಿ ಎಂದುಕೊಂಡಳು.

ಹೊತ್ತು ಮೂರು ದಾಟಿದ ಮೇಲೆ ತಮ್ಮ ಹೊರಗೆ ಬಂದ. ಮೊಣಕೈವರೆಗೂ ಹಳೆಯ ಶೀಟುಗಳ ಧೂಳು. ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಇನ್ನೊಂದು ಸಿಕ್ತು."

ಆಕೆ ಅವನ ಕಡೆ ತಿರುಗಿದಳು. "ಯಾವುದು?"

"ಕೊಪ್ಪರಿಗೆದು. ಎರಡನೇ ಕೊಪ್ಪರಿಗೆ, ಬಿಸಿ ಜಾಸ್ತಿಯಾದ್ರೆ ನಿಲ್ಲಿಸೋದು. ಫಿಟ್ಟರ್ ಆಗಲೇ ಹೋಗಿದಾನೆ ನೋಡೋಕೆ. ಬೇರೆ ಎಲ್ಲೂ ಇಲ್ಲ. ಇಬ್ಬರೂ ಎರಡೆರಡು ಸಲ ನೋಡಿದ್ವಿ."

"ಕೊಪ್ಪರಿಗೆದಾ?" ಎಂದಳು. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು. "ಅದನ್ನ ನಾನು ಎರಡು ಸಲ ಓದಿದ್ದೆ ಕಣೋ. ಇವಾಗ ನಾನೇ ನೋಡಿದ್ರೂ ದಾಟಿ ಹೋಗಿಬಿಡ್ತಿದ್ದೆ."

"ಗೊತ್ತು. ಅದಕ್ಕೇ ನಿನ್ನ ಹೊರಗೆ ಕೂರಿಸಿದ್ದು."

ನಕ್ಷೆಯಕ್ಕ ಅತ್ತಳು. ನಿನ್ನೆಯಿಂದ ತಡೆದುಕೊಂಡಿದ್ದೆಲ್ಲ ಬಂತು. ಹಾದಿಯಲ್ಲಿ ಹೋಗುವವರು ನೋಡುತ್ತಾರೆಂಬ ಎಚ್ಚರವೂ ಇಲ್ಲದೆ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಅತ್ತಳು. ತಮ್ಮ ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಅವಳ ಅಳು ಇಳಿಯುವವರೆಗೂ ಸೈಕಲುಗಳನ್ನು ನೋಡುತ್ತ ಕೂತಿದ್ದ.

"ನಂಗೆ ಕೋಪ ಇದೆ ಅಕ್ಕಾ," ಎಂದ ಕೊನೆಗೆ. "ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ," ಎಂದಳು. "ಇರಬೇಕು."

"ನಡಿ, ಅದನ್ನ ತಿದ್ದಬೇಕಲ್ಲ."

ಇಬ್ಬರೂ ಕೋಣೆಗೆ ಹೋದರು. ಆಕೆ ಮುಖ ತೊಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತು ಕೊಪ್ಪರಿಗೆಯ ಹಾಳೆ ತೆರೆದಳು. ವೃತ್ತ ಅಳಿಸಿದಳು, ಡೈಮಂಡ್ ಇಟ್ಟಳು, ಕಾರಣ ಬರೆದಳು. ಇಂಜಿನಿಯರರ ಸಹಿಗೆ ಕಳಿಸುವ ಮುಂಚೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಬಿಟ್ಟಳು. ಅವನು ಬಗ್ಗಿ, ಹಳೆಯ ಶೀಟನ್ನು ಪಕ್ಕದಲ್ಲಿ ಹಿಡಿದುಕೊಂಡು, ಮೊದಲು ಆಕಾರ ನೋಡಿದ, ಆಮೇಲೆ ನಂಬರು ನೋಡಿದ, ಆಮೇಲೆ ಮತ್ತೊಮ್ಮೆ ಆಕಾರ ನೋಡಿದ. ಅವನಿಗೆ ಆತುರವೇನೂ ಇರಲಿಲ್ಲ.

"ಸರಿಯಿದೆ," ಎಂದ.

ಮೂವತ್ತಮೂರು ವರ್ಷದಲ್ಲಿ ಆಕೆಗೆ ಆ ಮಾತನ್ನು ಹಾಳೆ ನೋಡಿ ಹೇಳಿದವನು ಅವನೊಬ್ಬನೇ.